ಜೋಡಿಯಲ್ಲಿ ಒಂದೇ ಹೆಸರು

ನನಗೆ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನೋಡಲು ಬಂದವರೆಲ್ಲ ಕೇಳಿದ ಮೊದಲ ಮಾತು, ತಂಬಾಕು ತಿನ್ನುತ್ತಿದ್ದೆಯಾ ಎಂದು. ಇಲ್ಲ ಎಂದರೆ ಅವರ ಮುಖ ಸಣ್ಣದಾಗುತ್ತಿತ್ತು. ಹೌದು ಎಂದಿದ್ದರೆ ಅವರಿಗೆ ನಿಶ್ಚಿಂತೆ. ತಾವು ತಿನ್ನುವುದಿಲ್ಲ, ಹಾಗಾಗಿ ತಮಗೆ ಬರುವುದಿಲ್ಲ ಎಂದುಕೊಂಡು ಚಹಾ ಮುಗಿಸಿ ಎದ್ದು ಹೋಗಬಹುದಿತ್ತು. ಆ ನಿಶ್ಚಿಂತೆಯನ್ನು ನಾನು ಯಾರಿಗೂ ಕೊಡಲಿಲ್ಲ. ತಂಬಾಕಿಲ್ಲ, ಹಲ್ಲಿಗೆ ತಿಕ್ಕುವ ತಂಬಾಕಿನ ಮಿಶ್ರಿ ಇಲ್ಲ, ಎಲೆ ಅಡಿಕೆ ಮದುವೆ ಮನೆಯಲ್ಲಿ ಮಾತ್ರ. ನಮ್ಮ ಚಾಳಿನ ವಿಜಯಪುರದ ಒಬ್ಬಾಕೆ ಬಂದಾಗಲೆಲ್ಲ ಅದನ್ನೇ ಕೇಳುತ್ತಿದ್ದಳು. ಕೊನೆಗೆ ನನಗೆ ರೇಗಿ, "ನಿಮಗ ಬೇಕಾದ್ರ ನಾಳಿಯಿಂದ ಶುರು ಮಾಡ್ತೀನಿ ಬಿಡ್ರಿ" ಎಂದೆ. ಆಮೇಲೆ ಅವಳು ಬರುವುದನ್ನೇ ಬಿಟ್ಟಳು.

ನನ್ನ ಹೆಸರು ಮಹಾನಂದಾ. ಊರು ಕಲಬುರಗಿ ಜಿಲ್ಲೆಯ ಆಳಂದದ ಕಡೆ. ಅಲ್ಲಿನ ಕನ್ನಡ ಶಾಲೆಯಲ್ಲಿ ಹತ್ತನೇ ತರಗತಿಯವರೆಗೆ ಓದಿದೆ, ಮದುವೆಯಾಗಿ ಮುಂಬೈ ಹತ್ತಿರದ ಠಾಕುರ್ಲಿಗೆ ಬಂದೆ. ನಮ್ಮವರ ಹೆಸರು ಕೋರ್ಟಿನ ಕಾಗದಗಳಲ್ಲಿ ಶರಣಪ್ಪ ಎಂದಿದೆ. ಗಂಡನ ಹೆಸರು ಹಿಡಿದು ಕರೆಯುವ ರೂಢಿ ನನಗಿಲ್ಲ, ಇಲ್ಲಿಯೂ ನಮ್ಮವರು ಎಂದೇ ಬರೆಯುತ್ತೇನೆ. ಒಬ್ಬಳೇ ಮಗಳು, ಭಾಗ್ಯಾ. ಇಲ್ಲೇ ಹುಟ್ಟಿದವಳು. ನಾವು ಕನ್ನಡದಲ್ಲಿ ಬೈದರೆ ಅವಳು ಹಿಂದಿಯಲ್ಲಿ ಉತ್ತರ ಕೊಡುತ್ತಾಳೆ, ಸಿಟ್ಟು ಜಾಸ್ತಿಯಾದರೆ ಮರಾಠಿಯಲ್ಲಿ.

ಕಾಯಿಲೆಯ ಕಥೆಗೆ ಮೊದಲು ಕೆಲಸದ ಕಥೆ ಹೇಳಬೇಕು. ಎರಡಕ್ಕೂ ಸಂಬಂಧವಿದೆಯೋ ಇಲ್ಲವೋ ಎಂಬುದೇ ಈಗ ನಡೆದಿರುವ ಜಗಳ.

ರಬಾಳೆಯ ಕಾರ್ಖಾನೆಗಳು, ಠಾಣೆಯ ವಾಗ್ಳೆ ಎಸ್ಟೇಟ್, ಕಲ್ಯಾಣದ ಕಡೆಯ ಗೋದಾಮುಗಳು. ಇವುಗಳ ಕಾಂಪೌಂಡಿನೊಳಗೆ ಮಳೆಗಾಲದಲ್ಲಿ ಹುಲ್ಲು, ಗಿಡಗಂಟಿ ಸೊಂಟದವರೆಗೆ ಬೆಳೆಯುತ್ತದೆ. ಹಾವು ಸೇರಿಕೊಳ್ಳುತ್ತದೆ, ಕೆಲಸಗಾರರು ಹೆದರುತ್ತಾರೆ. ಅದನ್ನು ಒಣಗಿಸಲು ಕಳೆನಾಶಕ ಹೊಡೆಯಬೇಕು. ಆ ಗುತ್ತಿಗೆ ಹಿಡಿದವರು ಒಬ್ಬ ಸೇಠ್. ಸೇಠ್‌ಗೆ ಜನ ಒದಗಿಸುವವನು ನಮ್ಮ ಕಡೆಯವನೇ ಆದ ಮುಕಾದಮ. ಊರಲ್ಲಿ ಹೊಲಕ್ಕೆ ಔಷಧಿ ಹೊಡೆಯುವುದಕ್ಕೆ ನಾವು ಎಣ್ಣಿ ಹೊಡೆಯುವುದು ಎನ್ನುತ್ತೇವೆ, ಇಲ್ಲಿಯೂ ಅದೇ ಮಾತು ನಡೆಯುತ್ತಿತ್ತು.

ಮುಕಾದಮ ಒಂಟಿ ಗಂಡಸನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವನಿಗೆ ಜೋಡಿ ಬೇಕು. ಜೋಡಿ ಎಂದರೆ ಗಂಡ ಹೆಂಡತಿ. ಗಂಡ ಬೆನ್ನಿಗೆ ಪಂಪು ಹಾಕಿಕೊಂಡು ಹೊಡೆಯುತ್ತಾ ಹೋಗುತ್ತಾನೆ. ಹೆಂಡತಿ ಟಾಕಿಯಿಂದ ನೀರು ಹೊತ್ತು ತಂದು ಡ್ರಮ್ಮಿಗೆ ಸುರಿದು, ಡಬ್ಬಿಯ ಮುಚ್ಚಳದಲ್ಲಿ ಅಳೆದು ಎಣ್ಣಿ ಬೆರೆಸಿ, ಕೋಲಿನಿಂದ ತಿರುವಿ, ಪಂಪು ತುಂಬಿಸಿಕೊಡುತ್ತಾಳೆ. ಸಂಜೆ ಪಂಪು ತೊಳೆಯುವುದೂ ಅವಳೇ, ಗಂಡನ ಬಟ್ಟೆ ಒಗೆಯುವುದೂ ಅವಳೇ. ಹಾಜರಿಗೆ ಮಾತ್ರ ಗಂಡನ ಹೆಸರು. ಪಗಾರ ಜೋಡಿಯದ್ದು, ಅದು ಗಂಡನ ಕೈಗೆ. ಕೈಗವಸು ಕೊಟ್ಟಾಗಲೂ ಹೆಸರಿಗೊಂದು ಜೊತೆ, ಅಂದರೆ ಗಂಡನಿಗೆ. ನಮ್ಮವರು ಅದನ್ನು ನನಗೇ ಕೊಟ್ಟಿದ್ದರು. ದೊಡ್ಡ ಕೈಯ ಗವಸು, ಮುಚ್ಚಳ ಹಿಡಿದರೆ ಜಾರುತ್ತಿತ್ತು. ಗೋಡೆಯ ಮೇಲಿಟ್ಟು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದೆ. ಇದು ನಮ್ಮಲ್ಲಿ ಯಾರಿಗೂ ತಪ್ಪೆನಿಸಿರಲಿಲ್ಲ. ಕಟ್ಟಡದ ಕೆಲಸದಲ್ಲೂ ಹೀಗೇ, ಕಬ್ಬು ಕಡಿಯುವಲ್ಲೂ ಹೀಗೇ.

ನಿಜ ಹೇಳುತ್ತೇನೆ, ಆ ಕೆಲಸ ನನಗೆ ಹಿಡಿಸಿತ್ತು. ನಾವು ಹೋಗಿ ಬಂದ ಮೇಲೆ ಹಸಿರು ಹಳದಿಯಾಗಿ, ಆಮೇಲೆ ಕಂದುಬಣ್ಣವಾಗಿ, ಅಂಗಳ ಬಯಲಾಗುತ್ತಿತ್ತು. ಗೇಟಿನ ವಾಚ್‌ಮನ್‌ಗಳು ಚಹಾ ಕೊಡಿಸುತ್ತಿದ್ದರು. ಒಲೆಯ ಮುಂದೆ ಕೂರುವುದಕ್ಕಿಂತ ಅದು ಎಷ್ಟೋ ವಾಸಿ.

ಆದರೆ ಊರಿನಲ್ಲಿ ಇದು ಗೊತ್ತಿರಲಿಲ್ಲ. ನಮ್ಮತ್ತೆ ಜೀವಮಾನವೆಲ್ಲ ಬೇರೆಯವರ ಹೊಲದಲ್ಲಿ ಕೂಲಿಗೆ ಕಸ ತೆಗೆದವರು. ಅವರ ಬಾಗಿದ ಬೆನ್ನು ನೋಡುತ್ತಾ ಬೆಳೆದ ನಮ್ಮವರಿಗೆ ಚಿಕ್ಕಂದಿನಿಂದ ಒಂದೇ ಹಟ, ತನ್ನ ಹೆಂಡತಿ ಕೂಲಿಗೆ ಹೋಗಬಾರದು. ಮುಂಬೈಗೆ ಬಂದು ಜೋಡಿ ಕೆಲಸಕ್ಕೆ ಸೇರಿದ್ದು ಬೇರೆ ದಾರಿಯಿಲ್ಲದೆ. ಆದರೂ ಊರಿಗೆ ಹೋದಾಗ ಕಟ್ಟೆಯ ಮೇಲೆ ಕೂತು, "ಅಕಿ ಮನ್ಯಾಗ ಇರ್ತಾಳ. ನಾ ಒಬ್ಬ ದುಡಿತೀನಿ, ಸಾಕಾಗ್ತದ" ಎಂದು ಹೇಳುತ್ತಿದ್ದರು. ನಾನು ಒಳಗಿನಿಂದ ಕೇಳಿಸಿಕೊಂಡು ನಗುತ್ತಿದ್ದೆ. ಗಂಡಸು ಅಷ್ಟು ಜಂಬ ಕೊಚ್ಚಿಕೊಂಡರೆ ನನ್ನ ಗಂಟೇನು ಹೋಯಿತು ಎಂದುಕೊಂಡಿದ್ದೆ.

ಗಂಟು ಕುತ್ತಿಗೆಯಲ್ಲಿ ಕಾಣಿಸಿಕೊಂಡಿತು. ನೋವಿಲ್ಲ, ಮುಟ್ಟಿದರೆ ಗೋಲಿಯ ಹಾಗೆ ಸರಿಯುತ್ತಿತ್ತು. ಠಾಕುರ್ಲಿ ಸ್ಟೇಷನ್ನಿನ ಹತ್ತಿರದ ಡಾಕ್ಟರು ಹಲ್ಲಿನ ಸೋಂಕಿರಬಹುದು ಎಂದು ಮಾತ್ರೆ ಕೊಟ್ಟರು. ಹಲ್ಲು ನನ್ನವು ಕಬ್ಬು ಸಿಗಿಯುವಂಥವು. ಮಾತ್ರೆ ಮುಗಿಯಿತು, ಗಂಟು ಮುಗಿಯಲಿಲ್ಲ. ಕಂಕುಳಲ್ಲಿ ಇನ್ನೊಂದು ಬಂತು. ಮೈಯಲ್ಲಿ ಸಂಜೆಯ ಜ್ವರ, ಬೆವರು. ಸೀರೆಯ ನೆರಿಗೆ ದಿನದಿನಕ್ಕೆ ಹೆಚ್ಚಾಗತೊಡಗಿತು. ಗೆಳತಿಯರು, "ಏನವ್ವ, ಡಯಟಿಂಗ್ ಮಾಡಲತ್ತೀಯೇನು?" ಎಂದು ಕೆಣಕುತ್ತಿದ್ದರು. ಒಂದು ದಿನ ರಬಾಳೆಯಲ್ಲಿ ನೀರಿನ ಕೊಡ ಎತ್ತಲು ಹೋಗಿ ಅಲ್ಲೇ ಕೂತುಬಿಟ್ಟೆ. ಅವತ್ತು ನಮ್ಮವರು ಪಂಪು ಇಳಿಸಿ ನನ್ನ ಕೈ ಹಿಡಿದು ಸ್ಟೇಷನ್ನಿಗೆ ಕರೆದುಕೊಂಡು ಬಂದರು. ಜನರ ಎದುರು ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

ಅಲ್ಲಿಂದ ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಚೀಟಿ. ಗಂಟಿನ ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಕೊನೆಗೆ ನವಿ ಮುಂಬೈಯ ದೊಡ್ಡ ಆಸ್ಪತ್ರೆ. ಮೊದಲ ದಿನ ಕೌಂಟರಿನ ಹುಡುಗಿ ನನ್ನ ಹೆಸರು, ವಯಸ್ಸು ಎಲ್ಲ ಕೇಳಿ, ಕೆಲಸ ಏನು ಎಂದಳು. ನಾನು ಬಾಯಿ ತೆರೆಯುವ ಮೊದಲೇ ನಮ್ಮವರು, "ಘರ್ ಮೇ ರಹತಿ ಹೈ", ಮನೆಯಲ್ಲಿರುತ್ತಾಳೆ ಎಂದರು. ಹುಡುಗಿ ಗೃಹಿಣಿ ಎಂದು ಬರೆದುಕೊಂಡಳು. ಆಗ ನನಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಕುತ್ತಿಗೆಯಲ್ಲಿ ಸಾವು ಕೂತಿರುವಾಗ ಕೌಂಟರಿನಲ್ಲಿ ಏನು ಬರೆದರೆ ಏನು ಎಂದುಕೊಂಡೆ.

ಡಾಕ್ಟರು ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಕಾಯಿಲೆಯ ಹೆಸರು ಲಿಂಫೋಮಾ ಎಂದರು. ರಕ್ತಕ್ಕೆ ಸಂಬಂಧಿಸಿದ ಕ್ಯಾನ್ಸರ್, ಕಿಮೋ ಕೊಟ್ಟರೆ ಗುಣವಾಗುವ ಸಾಧ್ಯತೆ ಚೆನ್ನಾಗಿದೆ ಎಂದರು. ನಮ್ಮವರಿಗೆ ಕ್ಯಾನ್ಸರ್ ಎಂಬ ಮಾತೊಂದೇ ಕೇಳಿಸಿತು. ಹೊರಗೆ ಬಂದು ಬೆಂಚಿನ ಮೇಲೆ ಕೂತರು, ಟವೆಲ್ ಮುಖಕ್ಕೆ ಒತ್ತಿಕೊಂಡರು. ನನಗೆ ಅಳು ಬರಲಿಲ್ಲ. ಭಾಗ್ಯಾಳ ಪರೀಕ್ಷೆ ಯಾವಾಗ, ಡಬ್ಬಿಯಲ್ಲಿ ಜೋಳದ ಹಿಟ್ಟು ಎಷ್ಟಿದೆ ಎಂದು ಯೋಚಿಸುತ್ತಿದ್ದೆ. ಭಯ ಆಮೇಲೆ ಬಂತು, ಲೋಕಲ್ ಗಾಡಿಯಲ್ಲಿ. ಹೆಂಗಸರ ಡಬ್ಬಿಯಲ್ಲಿ ಎಲ್ಲರೂ ಬಟಾಣಿ ಸುಲಿಯುತ್ತಾ, ಸೊಪ್ಪು ಬಿಡಿಸುತ್ತಾ ನಾಳೆಯ ಅಡುಗೆಯ ಮಾತಾಡುತ್ತಿದ್ದರು. ಆ ನಾಳೆ ನನಗೆ ಇದೆಯೋ ಇಲ್ಲವೋ ಎನಿಸಿತು.

ಕಿಮೋ ಹೇಗಿರುತ್ತದೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ. ಸೂಜಿಗಿಂತ ಕಾಯುವುದು ಕಷ್ಟ. ಬೆಳಗ್ಗೆ ರಕ್ತ ಕೊಟ್ಟು ಅದರ ವರದಿಗೆ ಕಾಯಬೇಕು. ವರದಿ ಬಂದ ಮೇಲೆ ಡಾಕ್ಟರಿಗೆ ಕಾಯಬೇಕು, ಆಮೇಲೆ ಹಾಸಿಗೆಗೆ. ಎಲ್ಲರ ಕೈಯಲ್ಲೂ ಸೀರೆ ಅಂಗಡಿಯ, ಮಿಠಾಯಿ ಅಂಗಡಿಯ ಪ್ಲಾಸ್ಟಿಕ್ ಚೀಲ, ಅದರೊಳಗೆ ಫೈಲು. ಒಬ್ಬರ ಹೆಸರು ಕೂಗಿದರೆ ಎಲ್ಲರೂ ತಲೆಯೆತ್ತುತ್ತಾರೆ. ಎರಡನೆಯ ಸಲ ಮುಗಿಯುವಷ್ಟರಲ್ಲಿ ನನ್ನ ಜಡೆ ಬಾಚಣಿಗೆಗೆ ಬಂತು. ಭಾಗ್ಯಾ ಅಂಗಡಿಯಿಂದ ಒಂದು ಕ್ರಿಕೆಟ್ ಟೋಪಿ ತಂದುಕೊಟ್ಟಳು. ಇಳಕಲ್ ಸೀರೆಯ ಮೇಲೆ ಕ್ರಿಕೆಟ್ ಟೋಪಿ! ಕನ್ನಡಿಯಲ್ಲಿ ನೋಡಿಕೊಂಡು ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಬಚ್ಚಲ ಮೋರಿಗೆ ಹೋಗಿ ನೀರು ಬಿಟ್ಟುಕೊಂಡು ಅತ್ತಳು. ನೀರಿನ ಸದ್ದಿನಲ್ಲಿ ಅಳು ಕೇಳಿಸುವುದಿಲ್ಲ ಎಂದು ಅವಳ ಅಂದಾಜು.

ನಮ್ಮವರು ರೊಟ್ಟಿ ಬಡಿಯಲು ಕಲಿತರು. ಮೊದಲ ರೊಟ್ಟಿ ಮಹಾರಾಷ್ಟ್ರದ ನಕ್ಷೆಯಂತಿತ್ತು. ಬಾಯಲ್ಲಿ ಹುಣ್ಣಾಗಿ ನನಗೆ ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ, ಆದರೂ ಮಜ್ಜಿಗೆಯಲ್ಲಿ ನೆನೆಸಿ ತಿಂದೆ. ಕಿಮೋದ ದಿನ ಬಿಟ್ಟರೆ ಉಳಿದ ದಿನ ಅವರು ಕೆಲಸಕ್ಕೆ ಹೋಗಲೇಬೇಕಿತ್ತು. ಹಳೆಯ ಆಳೆಂದು ಮುಕಾದಮ ಅವರೊಬ್ಬರನ್ನೇ ಇಟ್ಟುಕೊಂಡಿದ್ದ, ಆದರೆ ಜೋಡಿ ಮುರಿದಿದ್ದರಿಂದ ಪಗಾರ ಅರ್ಧಕ್ಕೆ ಇಳಿದಿತ್ತು. ಈಗ ನೀರು ಹೊತ್ತು, ಎಣ್ಣಿ ಬೆರೆಸಿ, ಪಂಪು ತುಂಬಿಸಿಕೊಂಡು, ಹೊಡೆಯುವುದೂ ಅವರೇ. ಮನೆಗೆ ಬಂದರೆ ಮಾತಾಡಲೂ ತ್ರಾಣವಿರುತ್ತಿರಲಿಲ್ಲ.

ಆಸ್ಪತ್ರೆಗೆ ಹೋಗುವುದು ಕೆಲಸಕ್ಕೆ ಹೋಗುತ್ತಿದ್ದ ದಾರಿಯಲ್ಲೇ. ಠಾಣೆಯಲ್ಲಿ ಇಳಿದು ನವಿ ಮುಂಬೈಯ ಗಾಡಿ ಹತ್ತಬೇಕು. ರಬಾಳೆ ಬಂದಾಗ ನಾನು ಕಿಟಕಿಯಿಂದ ಹೊರಗೆ ನೋಡುತ್ತಿದ್ದೆ. ಮಳೆ ಬಿದ್ದು ಹುಲ್ಲು ಚಿಗುರಿರುತ್ತಿತ್ತು. ಇದಕ್ಕೆ ಇನ್ನೊಂದು ಕೈ ಹೊಡೆಯಬೇಕು ಎಂದು ತಲೆ ತಾನಾಗಿ ಲೆಕ್ಕ ಹಾಕುತ್ತಿತ್ತು.

ಕಿಮೋ ಕೊಡುವ ದೊಡ್ಡ ಕೋಣೆಯಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದವರು ಸುಶೀಲಕ್ಕ. ಕಾಪು ಕಡೆಯವರು, ಗಂಡನದ್ದು ಡೊಂಬಿವಲಿಯಲ್ಲಿ ಹೋಟೆಲು. ಅವರಿಗೆ ಸ್ತನದ ಕ್ಯಾನ್ಸರ್. ಗಂಡನ ಜೊತೆ ತುಳುವಿನಲ್ಲಿ ಬೈದಾಡಿ, ನನ್ನ ಕಡೆ ತಿರುಗಿ ಪುಸ್ತಕದ ಹಾಗಿರುವ ಕನ್ನಡದಲ್ಲಿ ಮಾತಾಡುತ್ತಿದ್ದರು. ಮೊದಲ ದಿನ ನನ್ನ ಮಾತು ಕೇಳಿ, "ನೀವು ಮಾತಾಡುವುದು ಕನ್ನಡವೇ ಅಲ್ವಾ ಮಾರಾಯ್ತಿ? ಎಂತ ಸ್ಪೀಡು!" ಎಂದರು. ಫ್ಲಾಸ್ಕಿನಲ್ಲಿ ಗಂಜಿ, ಸಣ್ಣ ಡಬ್ಬಿಯಲ್ಲಿ ಉಪ್ಪಿನಕಾಯಿಯ ರಸ ತರುತ್ತಿದ್ದರು. ಬಾಯಿಗೆ ಏನೂ ರುಚಿಸದ ಆ ದಿನಗಳಲ್ಲಿ ಆ ರಸ ನಾಲಿಗೆಗೆ ತಾಗಿದರೆ ಜೀವ ಬಂದ ಹಾಗಾಗುತ್ತಿತ್ತು. ದೇವರು ನನ್ನ ಕಡೆ ನೋಡಿದ್ದು ಏನಾದರೂ ಇದ್ದರೆ ಅದು ಆ ಸಣ್ಣ ಡಬ್ಬಿಯ ಮೂಲಕ.

ಸುಶೀಲಕ್ಕನಿಗೆ ಪೇಪರು ಗಟ್ಟಿಯಾಗಿ ಓದುವ ಚಟ. ಒಂದು ದಿನ ಹಾಗೆ ಓದುತ್ತಾ, ಹೊರದೇಶದಲ್ಲಿ ಕಳೆನಾಶಕ ಹೊಡೆಯುತ್ತಿದ್ದ ಜನರಿಗೆ ಲಿಂಫೋಮಾ ಬಂದು, ಅವರು ಕಂಪನಿಯ ಮೇಲೆ ದಾವೆ ಹೂಡಿದ ಸುದ್ದಿ ಓದಿದರು. ಕೆಲವರು ಗೆದ್ದರಂತೆ, ಕೆಲವರು ಸೋತರಂತೆ. ತಮ್ಮ ಸರಕಿನಿಂದ ಕಾಯಿಲೆ ಬರುವುದೇ ಇಲ್ಲ ಎಂದು ಕಂಪನಿಯ ವಾದವಂತೆ.

"ಸುಶೀಲಕ್ಕ, ಅದನ್ನ ಇನ್ನೊಮ್ಮೆ ಓದ್ರಿ" ಎಂದೆ.

"ಯಾಕೆ? ನಿಮಗೆ ಇರುವುದೂ ಅದೇ ಅಲ್ವಾ, ಲಿಂಫೋಮಾ?"

"ನಾ ಅದನ್ನೇ ಕಲಸ್ತಿದ್ದೆ. ಬರಿಗೈಲೆ."

ಅವರು ಪೇಪರು ಮಡಚಿ ನನ್ನ ಕೈಗಳನ್ನು ನೋಡಿದರು.

ಮುಂದಿನ ಸಲ ಡಾಕ್ಟರನ್ನು ಕೇಳಿದೆ. ಅವರು ಪೆನ್ನು ಕೆಳಗಿಟ್ಟು ಯಾವ ಕೆಲಸ, ಎಷ್ಟು ವರ್ಷ, ಹೇಗೆ ಬೆರೆಸುತ್ತಿದ್ದೆ ಎಂದೆಲ್ಲ ವಿಚಾರಿಸಿದರು. ಆಮೇಲೆ, "ಅದರಿಂದಲೇ ಬಂತು ಎಂದು ಹೇಳಲಾರೆ. ಅದರಿಂದ ಬಂದಿಲ್ಲ ಎಂದೂ ಹೇಳಲಾರೆ. ಸಂಶಯ ಇದೆ, ವಿಜ್ಞಾನಿಗಳಲ್ಲೇ ಒಮ್ಮತವಿಲ್ಲ" ಎಂದರು. ಅಷ್ಟು ಓದಿದವರು ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದಕ್ಕೆ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಆದರೂ ಮನಸ್ಸಿನಲ್ಲಿ ಬೆಂಕಿ ಹತ್ತಿತ್ತು. ಗೊತ್ತಿಲ್ಲದಿದ್ದರೆ ನನ್ನ ಕೈಗೆ ಯಾಕೆ ಕೊಟ್ಟರು? ಗೊತ್ತಾಗುವವರೆಗೆ ಒಂದು ಸರಿಯಾದ ಗವಸಾದರೂ ಕೊಡಬಹುದಿತ್ತಲ್ಲ?

ಸುಶೀಲಕ್ಕನ ತಂಗಿಯ ಮಗಳು ಪ್ರತಿಮಾ ಠಾಣೆಯಲ್ಲಿ ವಕೀಲೆ. ಕಿಮೋ ಮುಗಿದು, ಸ್ಕ್ಯಾನಿನಲ್ಲಿ ಗಂಟುಗಳು ಕರಗಿವೆ ಎಂದು ತಿಳಿದ ಮೇಲೆ ಸುಶೀಲಕ್ಕ ನಮ್ಮಿಬ್ಬರನ್ನೂ ಅವಳ ಹತ್ತಿರ ಕರೆದುಕೊಂಡು ಹೋದರು. ಚಿಕ್ಕ ವಯಸ್ಸು, ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಎಲ್ಲ ಕೇಳಿ ಅವಳು, "ಆಂಟಿ, ಕಂಪನಿ ಮೇಲೆ ಕೇಸ್ ಅಂದ್ರೆ ತುಂಬಾ ದೊಡ್ಡದು. ನಾವು ಕೆಲಸ ಕೊಟ್ಟವರಿಂದ ಪರಿಹಾರ ಕೇಳುವ. ಅದರಲ್ಲಿ ಎರಡು ಪಾಯಿಂಟ್. ಕೆಲಸದಿಂದ ಕಾಯಿಲೆ ಬಂತಾ, ಅದು ಡಾಕ್ಟರ್ಸ್ ಹೇಳ್ಬೇಕು. ಅದಕ್ಕೆ ಮೊದಲು ಇನ್ನೊಂದು ಉಂಟು. ನೀವು ಅಲ್ಲಿ ಕೆಲಸ ಮಾಡಿದ್ರಾ?" ಎಂದಳು.

"ಮಾಡದೆ ಮತ್ತ?"

"ನಿಮ್ಮ ಹೆಸರು ಎಲ್ಲಿಯೂ ಇಲ್ವಲ್ಲ. ಹಾಜರಿಯಲ್ಲಿ ಅಂಕಲ್ ಮಾತ್ರ. ಆಸ್ಪತ್ರೆಯ ಪೇಪರ್‌ನಲ್ಲಿ ಹೌಸ್‌ವೈಫ್ ಅಂತ ಉಂಟು." ಅವಳು ನಮ್ಮವರ ಕಡೆ ತಿರುಗಿದಳು. "ಅಂಕಲ್, ನೀವು ಬಂದು ಸಾಕ್ಷಿ ಹೇಳ್ಬೇಕು. ಹೆಂಡತಿ ಜೊತೆಗೆ ಕೆಲಸ ಮಾಡಿದ್ದಾಳೆ ಅಂತ. ಬೇರೆ ದಾರಿ ಇಲ್ಲ."

ನಮ್ಮವರು ನೆಲ ನೋಡುತ್ತಾ ಕೂತಿದ್ದರು. "ನೋಡೋಣ್ರಿ" ಎಂದರು. ಅವರ ನೋಡೋಣ ಎಂದರೆ ಇಲ್ಲ ಎಂದರ್ಥ, ಮದುವೆಯಾದ ಮೊದಲ ವರ್ಷವೇ ಕಲಿತಿದ್ದೆ.

ಮನೆಗೆ ಬಂದ ಮೇಲೆ ಕೇಳಿದೆ. "ಹೇಳ್ತೀರೋ ಇಲ್ಲೋ?"

"ಸೇಠ್ ಕೆಲಸದಿಂದ ತೆಗಿತಾನ."

"ತೆಗಿಲಿ. ಅದೊಂದೇ ಕಾರಣನಾ?"

"ಕೋರ್ಟ್ ಅಂದ್ರ ಊರಿಗಿ ಸುದ್ದಿ ಹೋಗ್ತದ. ಮುಕಾದಮನೇ ಮುಟ್ಟಸ್ತಾನ. ಅವ್ವಗ ಏನಂತ ಹೇಳ್ಲಿ? ಹೆಣ್ತಿ ಕೂಲಿ ಮಾಡಿ ಬ್ಯಾನಿ ಬಿದ್ಳು ಅಂತ ಹೇಳ್ಲೇನು?"

ನನಗೆ ತಡೆಯಲಾಗಲಿಲ್ಲ. "ನಾ ಸಾಯೋದು ನಡೀತದ, ದುಡದಿದ್ದು ಗೊತ್ತಾಗೋದು ನಡ್ಯಲ್ಲ. ಹೌದಿಲ್ರಿ?" ಎಂದು ಕೈಯಲ್ಲಿದ್ದ ತಾಟು ನೆಲಕ್ಕೆ ಕುಕ್ಕಿದೆ. ಭಾಗ್ಯಾ ಬಾಗಿಲಲ್ಲಿ ನಿಂತಿದ್ದಳು. "ಪಪ್ಪಾ, ಝೂಟ್ ಕ್ಯೂಂ ಬೋಲಾ ಹಾಸ್ಪಿಟಲ್ ಮೇ?" ಎಂದಳು, ಆಸ್ಪತ್ರೆಯಲ್ಲಿ ಯಾಕೆ ಸುಳ್ಳು ಹೇಳಿದಿರಿ ಎಂದು. ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು.

ಅಲ್ಲಿಂದ ನಮ್ಮಿಬ್ಬರ ನಡುವೆ ನೇರ ಮಾತು ನಿಂತಿತು. ಎಲ್ಲವೂ ಭಾಗ್ಯಾಳ ಮೂಲಕ. "ನಿಮ್ಮಪ್ಪಗ ಹೇಳು, ಸಾರಿಗಿ ಉಪ್ಪು ಹತ್ತಿಲ್ಲ." "ನಿಮ್ಮವ್ವಗ ಹೇಳು, ಗುಳಿಗಿ ತಗೋಳೋ ಹೊತ್ತಾತು." ಮೂರು ಹೆಜ್ಜೆ ಉದ್ದದ ಖೋಲಿಯಲ್ಲಿ ಅವಳು ಹಿಂದಿಯಲ್ಲಿ ಅನುವಾದ ಮಾಡುತ್ತಾ ತಲೆ ಚಚ್ಚಿಕೊಳ್ಳುತ್ತಿದ್ದಳು. ಕಾಯಿಲೆ ಮೈಯಿಂದ ಹೋಗಿತ್ತು. ಎಲ್ಲರೂ, ಗುಣವಾಯಿತಲ್ಲ, ಇನ್ಯಾಕೆ ಕೋರ್ಟು ಕಚೇರಿ ಎನ್ನುತ್ತಿದ್ದರು. ನನಗೆ ಗುಣವಾದ ಹಾಗೆ ಅನಿಸುತ್ತಿರಲಿಲ್ಲ. ಅಷ್ಟು ವರ್ಷ ಹೊತ್ತ ನೀರು, ಕಲಸಿದ ಎಣ್ಣಿ, ತೊಳೆದ ಪಂಪು, ಯಾವುದೂ ನಡೆದೇ ಇಲ್ಲ ಎಂದಾದರೆ ನಾನು ಇದ್ದದ್ದಾದರೂ ಎಲ್ಲಿ? ಆಗ ನನಗೆ ದುಡ್ಡಿನ ಆಸೆ ಇರಲಿಲ್ಲವೆಂದಲ್ಲ, ಇತ್ತು. ಆದರೆ ಈ ಪ್ರಶ್ನೆ ಅದಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಜೊತೆಗೆ ಕೆಲಸ ಮಾಡಿದ ಹೆಂಗಸರನ್ನು ಕೇಳಿದೆ. ಒಬ್ಬಳು ಬಾಳೆಹಣ್ಣು ಹಿಡಿದುಕೊಂಡು ಬಂದು, "ಅಕ್ಕಾ, ನಾ ಹೇಳ್ತಿದ್ದೆ. ಆದ್ರ ನಮ್ಮ ಮನ್ಯಾಗ ಒಪ್ಪಲ್ಲ" ಎಂದು ಅತ್ತಳು. ಅವಳ ಮೇಲೆ ಸಿಟ್ಟು ಮಾಡಲು ನನಗೆ ಯಾವ ಮುಖವಿತ್ತು? ನನ್ನ ಮನೆಯಲ್ಲೇ ಒಪ್ಪಿರಲಿಲ್ಲ.

ಕೊನೆಗೆ ನಾನೊಬ್ಬಳೇ, ಹೆಬ್ಬೆಟ್ಟು ಒತ್ತಿ ಅಲ್ಲ, ಸಹಿ ಹಾಕಿ ಕೋರ್ಟಿಗೆ ಅರ್ಜಿ ಕೊಟ್ಟೆ. ಸೇಠ್‌ನ ಉತ್ತರ ಕೋರ್ಟಿಗೆ ಬಂದ ದಿನ ಪ್ರತಿಮಾ ನಮ್ಮಿಬ್ಬರನ್ನೂ ಕರೆಸಿದಳು. ನಮ್ಮವರು ಬಂದದ್ದು ನಾನು ಬಿದ್ದುಗಿದ್ದೇನು ಎಂಬ ಹೆದರಿಕೆಯಿಂದ. ಅವಳು ಇಂಗ್ಲಿಷಿನಲ್ಲಿದ್ದದ್ದನ್ನು ಒಂದೊಂದೇ ಸಾಲು ಕನ್ನಡ ಮಾಡಿ ಹೇಳಿದಳು. ಅರ್ಜಿದಾರಳು ಯಾರೆಂದೇ ತನಗೆ ಗೊತ್ತಿಲ್ಲ. ಅವಳು ಎಂದೂ ತನ್ನಲ್ಲಿ ಕೆಲಸ ಮಾಡಿಲ್ಲ. ಅವಳು ಮನೆಯಲ್ಲಿರುವ ಹೆಂಗಸು, ಆಸ್ಪತ್ರೆಯ ದಾಖಲೆಯೇ ಹಾಗೆ ಹೇಳುತ್ತದೆ. ಒಮ್ಮೊಮ್ಮೆ ಗಂಡನಿಗೆ ಬುತ್ತಿ ಕೊಡಲು ಬಂದಿದ್ದರೆ ಅದು ಅವಳ ಸ್ವಂತ ಜವಾಬ್ದಾರಿ.

"ಗೊತ್ತಿಲ್ಲಂತ?" ಎಂದರು ನಮ್ಮವರು.

"ಹಾಗೆ ಬರೆದಿದ್ದಾರೆ ಅಂಕಲ್."

"ಈಕಿ ಯಾರಂತ ಗೊತ್ತಿಲ್ಲಂತ? ವಾಗ್ಳೆ ಎಸ್ಟೇಟದಾಗ ಇಕಿ ಮಾಡಿದ ಶೇಂಗಾ ಹಿಂಡಿ ಕೇಳಿ ಇಸಗೊಂಡು ತಿಂದಾನ."

ತಾವು ಅಷ್ಟು ವರ್ಷ ಹೇಳಿಕೊಂಡು ಬಂದ ಮಾತನ್ನೇ ಬೇರೆಯವರ ಬಾಯಲ್ಲಿ ಕೇಳಿದಾಗ ಅವರಿಗೆ ಹೇಗಾಯಿತೋ ನಾನು ಕೇಳಿಲ್ಲ, ಅವರೂ ಹೇಳಿಲ್ಲ. ಎದ್ದು ನಿಂತರು. "ನನ್ನ ಹೆಸರು ಸಾಕ್ಷಿಗಿ ಬರ್ಕೊಳ್ರಿ ಮೇಡಂ" ಎಂದರು. ಗಾಡಿಯಲ್ಲಿ ಭಾಗ್ಯಾ ಇರಲಿಲ್ಲ, ಹಾಗಾಗಿ ನನ್ನ ಜೊತೆ ನೇರವಾಗಿಯೇ ಮಾತಾಡಬೇಕಾಯಿತು. "ನೀರು ಬೇಕೇನು?" ಎಂದು ಕೇಳಿದರು. ಬೇಕು ಎಂದೆ.

ಕೋರ್ಟಿನ ದಿನ ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿದ್ದರು. ಸುಶೀಲಕ್ಕ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಡೊಂಬಿವಲಿಯಿಂದ ಬಂದಿದ್ದರು, ಫ್ಲಾಸ್ಕಿನ ಸಮೇತ. ಸೇಠ್ ಬಂದಿರಲಿಲ್ಲ, ಅವರ ವಕೀಲರು ಮತ್ತು ಮುಕಾದಮ ಬಂದಿದ್ದರು. ಮುಕಾದಮ ನಮ್ಮ ಕಡೆ ನೋಡಲೇ ಇಲ್ಲ. ಪ್ರತಿಮಾ ಕೇಳಿದ್ದಕ್ಕೆಲ್ಲ ನಮ್ಮವರು ತಮ್ಮ ಕಲಬುರಗಿ ಹಿಂದಿಯಲ್ಲಿ ತಡವರಿಸುತ್ತಾ ಉತ್ತರ ಕೊಟ್ಟರು. ಆಮೇಲೆ ಆ ಕಡೆಯ ವಕೀಲರು ಎದ್ದರು.

ಆಸ್ಪತ್ರೆಯಲ್ಲಿ ನೀನೇ ಹೆಂಡತಿ ಮನೆಯಲ್ಲಿರುತ್ತಾಳೆ ಎಂದು ಹೇಳಿದ್ದೀಯ. ಆಗ ಸುಳ್ಳು ಹೇಳಿದೆಯೋ, ಈಗ ಹೇಳುತ್ತಿದ್ದೀಯೋ?

ನಮ್ಮವರು ಟವೆಲಿನಿಂದ ಮುಖ ಒರೆಸಿಕೊಂಡರು. "ಝೂಟ್ ತಬ್ ಬೋಲಾ ಸಾಬ್. ಇಜ್ಜತ್ ಕೆ ವಾಸ್ತೆ." ಸುಳ್ಳು ಹೇಳಿದ್ದು ಆಗ, ಮರ್ಯಾದೆಗಾಗಿ.

ಅವಳು ಔಷಧಿ ಬೆರೆಸುವುದನ್ನು ನೀನು ದಿನಾ ಕಣ್ಣಾರೆ ನೋಡಿದ್ದೀಯಾ?

ಇದಕ್ಕೆ ಹೌದು ಎಂದರೆ ಮುಗಿಯುತ್ತಿತ್ತು. ಪ್ರತಿಮಾಳೂ ತಲೆಯೆತ್ತಿ ಅದನ್ನೇ ಕಾಯುತ್ತಿದ್ದಳು. ನಮ್ಮವರು ಇಲ್ಲ ಎಂದರು. ಪಂಪು ಬೆನ್ನ ಮೇಲಿರುತ್ತಿತ್ತು, ತಾನು ಮುಂದೆ ನೋಡಿಕೊಂಡು ಹೊಡೆಯುತ್ತಾ ಹೋಗುತ್ತಿದ್ದೆ, ಹಿಂದೆ ತಿರುಗಿ ನೋಡಿದವನಲ್ಲ ಎಂದರು. "ಖಾಲಿ ಹುವಾ ತೋ ನೀಚೆ ರಖಾ. ಉಠಾಯಾ ತೋ ಭರಾ ಥಾ." ಖಾಲಿಯಾದಾಗ ಕೆಳಗಿಟ್ಟೆ, ಎತ್ತಿದಾಗ ತುಂಬಿರುತ್ತಿತ್ತು. ಯಾರು ತುಂಬುತ್ತಾರೆ, ಹೇಗೆ ತುಂಬುತ್ತಾರೆ ಎಂದು ತಾನು ಯೋಚನೆ ಮಾಡಿದವನೇ ಅಲ್ಲ. ಅವಳು ಹಾಸಿಗೆ ಹಿಡಿದ ಮೇಲೆ ಒಬ್ಬನೇ ತುಂಬಿಕೊ‍ಳ್ಳುವಾಗ ತಿಳಿಯಿತು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಇಷ್ಟು ವರ್ಷ ಇವರ ಬೆನ್ನ ಹಿಂದೆ ಐದು ಮಾರು ದೂರದಲ್ಲಿ ನಾನಿದ್ದೆ. ಸುಶೀಲಕ್ಕ ನನ್ನ ಮೊಣಕೈ ಒತ್ತಿ ಹಿಡಿದುಕೊಂಡರು.

ವಕೀಲರು ಮುಗುಳ್ನಕ್ಕು, ಸೇಠ್ ಅವಳಿಗೆ ಪಗಾರ ಕೊಟ್ಟಿದ್ದಕ್ಕೆ ಏನು ಆಧಾರ ಎಂದರು.

"ಬೀಮಾರ್ ವೋ ಪಡಿ ಸಾಬ್," ಎಂದರು ನಮ್ಮವರು. "ಪಗಾರ್ ಮೇರಾ ಆಧಾ ಹುವಾ. ಮೈ ಕಹಾಂ ಬೀಮಾರ್ ಪಡಾ?"

ಕಾಯಿಲೆ ಬಿದ್ದವಳು ಅವಳು, ಅರ್ಧವಾದದ್ದು ನನ್ನ ಪಗಾರ, ನಾನೆಲ್ಲಿ ಕಾಯಿಲೆ ಬಿದ್ದಿದ್ದೆ ಎಂದು. ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿ ಒಮ್ಮೆ ಅವರನ್ನು ನೋಡಿದರು, ಆಮೇಲೆ ಟೈಪಿಸ್ಟ್‌ಗೆ ಅದನ್ನು ಬರೆಸಿದರು. ವಕೀಲರು ಇನ್ನೂ ಏನೇನೋ ಕೇಳಿದರು. ಬೆನ್ನ ಮೇಲೆ ಹೊತ್ತ ನಿನಗೇ ಏನೂ ಆಗದಿದ್ದ ಮೇಲೆ ಅವಳಿಗೆ ಹೇಗೆ ಬಂತು ಎಂದು ಕೇಳಿದಾಗ ನಮ್ಮವರು ಎರಡೂ ಅಂಗೈ ಅಗಲಿಸಿದರು. ಉತ್ತರ ನನ್ನ ಹತ್ತಿರವೂ ಇಲ್ಲ. ಇನ್ನು ಡಾಕ್ಟರುಗಳ ಸಾಕ್ಷಿ ಆಗಬೇಕು. ಅಲ್ಲಿ ನಾವು ಸೋಲಲೂಬಹುದು ಎಂದು ಪ್ರತಿಮಾ ಮೊದಲೇ ಹೇಳಿದ್ದಾಳೆ. ಕೇಸು ಈಗಲೂ ನಡೆದಿದೆ.

ನಾವು ಠಾಕುರ್ಲಿಯಲ್ಲಿ ಗಾಡಿ ಇಳಿಯುವಷ್ಟರಲ್ಲಿ ಮುಕಾದಮನ ಫೋನು ಬಂತು, ನಾಳೆಯಿಂದ ಬರುವುದು ಬೇಡ ಎಂದು. ನಮ್ಮವರು ಹ್ಞೂಂ ಎಂದು ಇಟ್ಟರು. ಮನೆಗೆ ಬಂದು ಕೈಕಾಲು ತೊಳೆದು, ಚಹಾ ಕುಡಿದು, ಊರಿಗೆ ಫೋನು ಹಚ್ಚಿದರು. ನಮ್ಮತ್ತೆಗೆ ಕಿವಿ ಮಂದ, ಸ್ಪೀಕರ್ ಹಾಕಲೇಬೇಕು. ಸುದ್ದಿ ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಯಾರೂ ನಮ್ಮವರನ್ನು ಕೇಳಿರಲಿಲ್ಲ, ಯಾರೂ ಹೇಳು ಎಂದಿರಲಿಲ್ಲ. ನಾನು ಮೊರದಲ್ಲಿ ಜೋಳ ಹಸನು ಮಾಡುತ್ತಾ ಕೂತಿದ್ದೆ, ಭಾಗ್ಯಾ ಪುಸ್ತಕ ಹಿಡಿದುಕೊಂಡಿದ್ದಳು.

"ಅವ್ವ, ಒಂದು ಮಾತು ಹೇಳೋದಿತ್ತು. ಮಹಾನಂದಾ ಇಲ್ಲಿ ಮನ್ಯಾಗ ಕುಂತಿದ್ದಿಲ್ಲ. ಇಷ್ಟು ವರ್ಷ ನನ್ನ ಜೋಡಿ ಎಣ್ಣಿ ಹೊಡಿಯೋ ಕೆಲಸ ಮಾಡ್ಯಾಳ. ನಾನೇ ಸುಳ್ಳು ಹೇಳಿದ್ದೆ."

ಕೇಳಿಸಲಿಲ್ಲವೇನೋ ಎಂದು ಅವರು ಇನ್ನೊಮ್ಮೆ ಹೇಳಲು ಹೊರಟಾಗ ಅತ್ತೆಯ ದನಿ ಬಂತು.

"ಹಂಗಾದ್ರ ಅಕಿಗಿ ಈ ಬ್ಯಾನಿ ಅದರಿಂದೇ ಬಂತೇನೋ?"

"ಗೊತ್ತಿಲ್ಲವ್ವ," ಎಂದರು ನಮ್ಮವರು. "ಡಾಕ್ಟರಗೂ ಗೊತ್ತಿಲ್ಲ, ಕೋರ್ಟಿಗೂ ಇನ್ನಾ ಗೊತ್ತಿಲ್ಲ. ಕೆಲಸ ಮಾಡ್ಯಾಳ. ಅದು ನನಗ ಗೊತ್ತದ."